ಎರಡು ಬೇಸಿಗೆ ಕಳೆದು ಬರುವ ಮೀನು

"ಹುಡುಗನನ್ನು ಹೇಗಾದರೂ ಮಾಡಿ ಒಪ್ಪಿಸಿಯೇ ಬಾ" ಎಂದು ಹೇಳಿ ಅಮ್ಮಿ ನನ್ನನ್ನು ಕಳುಹಿಸಿಕೊಟ್ಟಿದ್ದರು. 2023ರ ಈದುಲ್ ಫಿತ್ರ್ ಮುಗಿದು ಮೂರು ದಿನವಾಗಿತ್ತು. ಶಾಲೆಗೆ ಬೇಸಿಗೆ ರಜೆ. ತಂಗಿ ಎರಡು ವರ್ಷಗಳಿಂದ ಕರೆಯುತ್ತಲೇ ಇದ್ದಳು, ಟಿಕೇಟನ್ನೂ ಅವಳೇ ಕಳುಹಿಸಿದ್ದಳು. ಮೇ ಹತ್ತರ ಚುನಾವಣೆಯಲ್ಲಿ ಮತ ಹಾಕಲಾಗುವುದಿಲ್ಲವಲ್ಲ ಎಂಬ ಬೇಸರ ಒಂದನ್ನು ಬಿಟ್ಟರೆ ಹೊರಡಲು ಬೇರೆ ಅಡ್ಡಿಯಿರಲಿಲ್ಲ. ಮನೆಯವರೂ ನಾನೂ ಹೊರಟೆವು.

ತಂಗಿಯ ಸಂಸಾರ ಅಮೇರಿಕದ ಒಹಾಯೋ ರಾಜ್ಯದಲ್ಲಿದೆ. ಈರಿ ಎಂಬ ಮಹಾ ಸರೋವರದ ದಡದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ನಗರವಿದೆ. ಅದರ ಪಶ್ಚಿಮಕ್ಕಿರುವ ಒಂದು ಬಡಾವಣೆಯಲ್ಲಿ ಅವರ ಮನೆ. ಹದಿನಾರು ವರ್ಷ ಅಲ್ಲಿದ್ದು ಸಾಕಾಗಿ, 2024ರ ಜೂನ್‌ನಲ್ಲಿ ಶಿವಮೊಗ್ಗಕ್ಕೆ ಮರಳುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಅಮ್ಮಿ ಮಾಳಿಗೆಯ ಕೋಣೆಗೆ ಸುಣ್ಣ ಬಣ್ಣ ಮಾಡಿಸಿ ಆಗಿತ್ತು. ಚಿಕ್ಕವಳಾದ ಮಗಳು ನಾನಿಯ ಮನೆಯ ಕುರಿಮರಿಯ ಆಸೆಗೆ ಕುಣಿಯುತ್ತಿದ್ದಳು. ಒಪ್ಪದವನು ಒಬ್ಬನೇ, ಹದಿನೈದು ವರ್ಷದ ಮಗ. ಮನೆಯಲ್ಲಿ ಎಲ್ಲರೂ ಅವನನ್ನು ಮುನ್ನಾ ಎನ್ನುತ್ತೇವೆ.

"ಮಾತೇ ಆಡಲ್ಲ ಆಪಾ" ಎಂದು ತಂಗಿ ಫೋನಿನಲ್ಲಿ ಅತ್ತಿದ್ದಳು. "ಶಾಲೆ ಬಿಟ್ಟರೆ ಹೊಳೆ. ಶನಿವಾರ, ಭಾನುವಾರವಂತೂ ಫಜ್ರ್ ಮುಗಿಸಿ ಹೋದರೆ ಅಸರ್‌ಗೇ ಮನೆ. ಗಾಳ ಹಾಕಿ ಮೀನು ಹಿಡೀತಾನೆ, ಹಿಡಿದದ್ದನ್ನು ಮತ್ತೆ ನೀರಿಗೇ ಬಿಡ್ತಾನೆ. ಮನೆಗೆ ಒಂದು ಮೀನೂ ತಂದವನಲ್ಲ. ನೀನು ಮೇಷ್ಟರಲ್ವಾ, ನಿನ್ನ ಮಾತು ಕೇಳಬಹುದು."

ಇಪ್ಪತ್ತು ವರ್ಷಗಳಿಂದ ಮಕ್ಕಳ ನಡುವೆ ಇರುವವಳು ನಾನು. ಮದ್ರಸಾದಲ್ಲಿ ಆಲಿಮಾ ಮುಗಿಸಿ, ಮದುವೆಯಾದ ಮೇಲೆ ಹಟ ಹಿಡಿದು ಬಿ.ಎ. ಮಾಡಿದವಳು. ಮಾತಾಡದ ಮಕ್ಕಳನ್ನು ಎಷ್ಟೋ ನೋಡಿದ್ದೇನೆ, ಇವನೇನು ಮಹಾ ಎಂಬ ಸಣ್ಣ ಜಂಬ ಮನಸ್ಸಿನಲ್ಲಿ ಇದ್ದದ್ದು ಸುಳ್ಳಲ್ಲ.

ಹೋದ ಮೊದಲ ಭಾನುವಾರವೇ "ನಾನೂ ಬರ್ತೀನಿ ಮುನ್ನಾ" ಎಂದೆ. ಅವನು ಕಣ್ಣು ಅಗಲಿಸಿ ನೋಡಿದ. "ಖಾಲಾ, ತುಂಬಾ ಚಳಿ. ಅಲ್ಲಿ ಏನೂ ಆಗಲ್ಲ, ಸುಮ್ಮನೆ ನಿಲ್ಲೋದು ಅಷ್ಟೇ." ಇರಲಿ ಎಂದು ಬುರ್ಖಾದ ಮೇಲೆ ತಂಗಿಯ ದಪ್ಪ ಕೋಟು ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಹೊರಟೆ.

ರಾಕಿ ರಿವರ್ ಎಂದು ಆ ಹೊಳೆಯ ಹೆಸರು. ಎರಡೂ ಬದಿಗೆ ಕಪ್ಪು ಕಲ್ಲಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಎತ್ತರದ ಬಂಡೆಗೋಡೆ, ಕೆಳಗೆ ಮೊಣಕಾಲುದ್ದದ ತಣ್ಣನೆಯ ನೀರು. ಮರಗಳು ಆಗಷ್ಟೇ ಚಿಗುರುತ್ತಿದ್ದವು. ಎದೆಯವರೆಗೆ ಬರುವ ರಬ್ಬರಿನ ಚಡ್ಡಿ ತೊಟ್ಟ ಏಳೆಂಟು ಮಂದಿ ನೀರಿನಲ್ಲೇ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಭದ್ರಾ ಹೊಳೆಯ ಬದಿಯಲ್ಲಿ ಇಷ್ಟು ಗಂಡಸರು ಸೇರಿದ್ದರೆ ಎಷ್ಟು ಗಲಾಟೆ ಇರುತ್ತಿತ್ತು ಎಂದು ನಗು ಬಂತು. ಬಿದ್ದ ಮರವೊಂದರ ಮೇಲೆ ಕೂತು ತಸ್ಬೀಹ್ ಹೇಳಿಕೊಳ್ಳುತ್ತಾ ನೋಡತೊಡಗಿದೆ.

ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಅವನ ಹತ್ತಡಿಯ ಕೋಲು ಬಿಲ್ಲಿನಂತೆ ಬಾಗಿತು. ನೀರಿನಿಂದ ಏನೋ ಬೆಳ್ಳಗೆ ಮೇಲಕ್ಕೆ ಚಿಮ್ಮಿ ಮತ್ತೆ ಬಿತ್ತು. ನಾನು ಎದ್ದು ನಿಂತಿದ್ದೆ. ಹತ್ತು ನಿಮಿಷ ಎಳೆದಾಟ. ಕೊನೆಗೆ ಬದಿಗೆ ಬಂದದ್ದು ಮೊಳಕ್ಕೂ ಉದ್ದದ ಮೀನು. ಬೆನ್ನು ಉಕ್ಕಿನ ಬಣ್ಣ, ಮೈಯುದ್ದಕ್ಕೂ ಗುಲಾಬಿ ಪಟ್ಟೆ. ಹುಡುಗ ಮೊದಲು ತನ್ನ ಕೈಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡ. ಮೀನನ್ನು ನೀರಿನಿಂದ ಮೇಲಕ್ಕೆತ್ತದೆಯೇ ಬಾಯಿಯ ಕೊಕ್ಕೆ ತೆಗೆದ. ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು, ಅದಾಗಿಯೇ ಬಾಲ ಬೀಸುವವರೆಗೂ ಕಾದ. ಅದು ಜಾರಿ ಹೋಯಿತು. ಮನೆಯಲ್ಲಿ ಮೂರು ದಿನಗಳಿಂದ ನಾನು ಕಾಣದಿದ್ದ ನಗು ಆಗ ಅವನ ಮುಖದಲ್ಲಿತ್ತು.

ಆ ನಗುವನ್ನು ಹಾಗೇ ಬಿಡಬಹುದಿತ್ತು. ಆದರೆ ಟೀಚರ ನಾಲಗೆ ಸುಮ್ಮನಿರಬೇಕಲ್ಲ! "ತಿನ್ನುವುದಕ್ಕಲ್ಲದಿದ್ದರೆ ಹಿಡಿಯುವುದೇಕೆ ಮುನ್ನಾ? ನಾವು ಓದಿದ ಕಿತಾಬುಗಳಲ್ಲಿ ಬೇಟೆಯ ಬಗ್ಗೆಯೇ ಒಂದು ಅಧ್ಯಾಯವಿದೆ. ಆಹಾರಕ್ಕಾಗಿ ಬೇಟೆಯಾಡುವುದು ಸರಿ, ಬರೇ ಆಟಕ್ಕೆ ಜೀವಕ್ಕೆ ನೋವು ಕೊಡುವುದು ಸರಿಯಲ್ಲ" ಎಂದೆ. ಅವನು ಏನೂ ಹೇಳಲಿಲ್ಲ. ನಗು ಆರಿಹೋಯಿತು. ಮನೆಗೆ ಬರುವವರೆಗೂ ಬಾಯಿ ಬಿಡಲಿಲ್ಲ. ಒಪ್ಪಿಸಲು ಬಂದವಳು ಮೊದಲ ದಿನವೇ ಬಾಗಿಲು ಮುಚ್ಚಿಸಿಕೊಂಡಿದ್ದೆ.

ಆ ವಾರ ನಮ್ಮವರು ಮೈದುನರ ಜೊತೆ ನಯಾಗರಾ ಜಲಪಾತ ನೋಡಲು ಹೋದರು. ಅಲ್ಲಿ ಧುಮುಕುವುದು ಈರಿ ಸರೋವರದ ನೀರೇ. ನಾನು ಹೋಗಲಿಲ್ಲ. ಹುಡುಗನ ಕೋಣೆಯಲ್ಲಿದ್ದ ಪುಸ್ತಕ, ಕರಪತ್ರಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ತಿಳಿಯದ್ದನ್ನು ಅವನಲ್ಲೇ ಕೇಳಿದೆ. ಕೇಳುವುದಕ್ಕೆ ಹೋದರೆ ಮಕ್ಕಳು ಮಾತಾಡುತ್ತಾರೆ, ಹೇಳುವುದಕ್ಕೆ ಹೋದರೆ ಇಲ್ಲ. ಇದು ನನಗೆ ತರಗತಿಯಲ್ಲಿ ಎಂದೋ ಗೊತ್ತಿತ್ತು. ಮನೆಯ ಮಕ್ಕಳ ಎದುರು ಯಾಕೋ ನೆನಪಾಗುವುದಿಲ್ಲ.

ಆ ಮೀನಿನ ಹೆಸರು ಸ್ಟೀಲ್‌ಹೆಡ್. ಅದು ಆ ಸರೋವರದ್ದೇ ಅಲ್ಲ! ಮಳೆಬಿಲ್ಲು ಟ್ರೌಟ್ ಎಂಬ ಜಾತಿಯ ಮೀನದು. ಅದರ ಮೂಲ ಊರು ಸಾವಿರಾರು ಮೈಲು ದೂರದ ಪೆಸಿಫಿಕ್ ಕರಾವಳಿ. ಅಲ್ಲಿ ಅದು ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹುಟ್ಟಿದ ಹೊಳೆಗೇ ಬರುತ್ತದೆ. 1870ರ ದಶಕದಲ್ಲೇ ಕ್ಯಾಲಿಫೋರ್ನಿಯಾ ಕಡೆಯಿಂದ ಇವುಗಳ ಸಂತತಿಯನ್ನು ಮಹಾ ಸರೋವರಗಳ ಸೀಮೆಗೆ ತಂದರು. ಇಲ್ಲಿ ಉಪ್ಪು ನೀರಿನ ಸಮುದ್ರವಿಲ್ಲ. ಮೀನು ಸರೋವರವನ್ನೇ ಸಮುದ್ರವೆಂದು ಒಪ್ಪಿಕೊಂಡಿತು. (ಇದೇ ಮಳೆಬಿಲ್ಲು ಟ್ರೌಟನ್ನು ಬ್ರಿಟಿಷರು ತಮ್ಮ ಗಾಳದ ಹವ್ಯಾಸಕ್ಕಾಗಿ ನಮ್ಮ ನೀಲಗಿರಿಗೂ ತಂದು ಬಿಟ್ಟಿದ್ದಾರೆ.)

ಸರೋವರಕ್ಕೂ ಒಂದು ದುಃಖದ ಕಥೆಯಿದೆ. ಕಾಲುವೆಗಳ ದಾರಿಯಾಗಿ ಒಳಬಂದ ಲ್ಯಾಂಪ್ರೇ ಎಂಬ ಹಾವಿನಂಥ ಪ್ರಾಣಿ ದೊಡ್ಡ ಮೀನುಗಳ ಮೈಗೆ ಕಚ್ಚಿಕೊಂಡು ರಕ್ತ ಹೀರಿತು. ಕಾರ್ಖಾನೆಗಳ ಕೊಳೆ ಬೇರೆ. ಕ್ಲೀವ್‌ಲ್ಯಾಂಡಿನ ನಡುವೆ ಹರಿಯುವ ಕಯಹೋಗಾ ನದಿಗೆ 1969ರಲ್ಲಿ ಬೆಂಕಿಯೇ ಹತ್ತಿಕೊಂಡಿತ್ತು. ನೀರಿಗೆ ಬೆಂಕಿ! ತೇಲುತ್ತಿದ್ದ ಎಣ್ಣೆ ಅಷ್ಟಿತ್ತು. ಈರಿ ಸತ್ತ ಸರೋವರ ಎಂದು ಪತ್ರಿಕೆಗಳು ಬರೆದ ಕಾಲವದು. ಅಲ್ಲಿಯದೇ ಆಗಿದ್ದ ಬ್ಲೂ ಪೈಕ್ ಎಂಬ ಮೀನು ಮತ್ತೆಂದೂ ಕಾಣದಂತೆ ಅಳಿದು ಹೋಯಿತು. 1972ರಲ್ಲಿ ಶುದ್ಧ ನೀರಿನ ಕಾನೂನು ಬಂದ ಮೇಲೆ ಸರೋವರ ನಿಧಾನವಾಗಿ ಉಸಿರಾಡತೊಡಗಿತು.

ಈ ನಡುವೆ, 1966ರಲ್ಲಿ, ಪಕ್ಕದ ಮಿಶಿಗನ್ ರಾಜ್ಯದವರು ಪೆಸಿಫಿಕ್ ಕಡೆಯ ಕೋಹೋ ಎಂಬ ಸಾಲ್ಮನ್ ಮೀನಿನ ಮರಿಗಳನ್ನು ತಮ್ಮ ಹೊಳೆಗಳಿಗೆ ಬಿಟ್ಟು ನೋಡಿದ್ದರು. ಅಲ್ಲೂ ಹೊರಗಿನಿಂದ ಬಂದು ಮಿತಿಮೀರಿದ್ದ ಸಣ್ಣ ಮೀನುಗಳನ್ನು ಇವು ತಿನ್ನಲಿ, ಗಾಳ ಹಾಕುವವರಿಗೆ ಆಟವೂ ಸಿಗಲಿ ಎಂಬುದು ಲೆಕ್ಕ. ಜನ ಹುಚ್ಚೆದ್ದು ಬಂದರು. ಅಲ್ಲಿಂದ ಸರೋವರದ ಸುತ್ತಲಿನ ರಾಜ್ಯಗಳಿಗೆಲ್ಲ ಗಾಳದವರಿಗಾಗಿ ಮೀನುಮರಿ ಬಿತ್ತನೆ ಮಾಡುವುದು ಸರಕಾರಿ ಕೆಲಸವೇ ಆಯಿತು. ಈಗ ಪೆನ್ಸಿಲ್ವೇನಿಯಾ ವರ್ಷಕ್ಕೆ ಸುಮಾರು 10 ಲಕ್ಷ ಸ್ಟೀಲ್‌ಹೆಡ್ ಮರಿಗಳನ್ನು ಈರಿಗೆ ಸೇರುವ ತೊರೆಗಳಿಗೆ ಬಿಡುತ್ತದೆ. ಒಹಾಯೋ 4 ಲಕ್ಷಕ್ಕೂ ಹೆಚ್ಚು, ನ್ಯೂಯಾರ್ಕ್ ಸುಮಾರು ಎರಡೂವರೆ ಲಕ್ಷ. ಸರೋವರದ ಆ ದಕ್ಷಿಣ ದಂಡೆಗೆ 'ಸ್ಟೀಲ್‌ಹೆಡ್ ಆಲಿ' ಎಂದು ಹೆಸರು. ಮೊದಲು ಕೇಳಿದಾಗ ಯಾರೋ ಅಲಿ ಸಾಹೇಬರ ಹೆಸರಿರಬೇಕೆಂದುಕೊಂಡಿದ್ದೆ. ಆಲಿ ಎಂದರೆ ಓಣಿ ಎಂದು ತಿಳಿದಾಗ ಹುಡುಗ ಮೊದಲ ಸಲ ನನ್ನೊಂದಿಗೆ ಗಟ್ಟಿಯಾಗಿ ನಕ್ಕ.

ಹಣ ಎಲ್ಲಿಂದ ಬರುತ್ತದೆ ಎಂಬುದು ನನಗೆ ಮುಖ್ಯವಾಗಿತ್ತು. ಹದಿನಾರು ತುಂಬಿದ ಯಾರೇ ಆಗಲಿ ಗಾಳ ಹಾಕಬೇಕಾದರೆ ಒಹಾಯೋದಲ್ಲಿ ಲೈಸೆನ್ಸ್ ಕೊಳ್ಳಬೇಕು. ಆ ಹಣ ಮರಿ ಸಾಕುವುದಕ್ಕೆ ಹೋಗುತ್ತದೆ. 1950ರಲ್ಲಿ ಆದ ಒಂದು ಕಾನೂನಿನ ಪ್ರಕಾರ ದೇಶದಲ್ಲಿ ಮಾರಾಟವಾಗುವ ಕೋಲು, ಗಾಳ, ದಾರಗಳ ತಯಾರಕರಿಂದ ಶೇಕಡಾ 10ರಷ್ಟು ತೆರಿಗೆ ವಸೂಲಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಪೆನ್ಸಿಲ್ವೇನಿಯಾದ ಈರಿ ಜಿಲ್ಲೆಯೊಂದರಲ್ಲೇ 2003ರಲ್ಲಿ ಈ ಮೀನಿನ ಬೆನ್ನು ಹತ್ತಿ ಬಂದವರು ಮಾಡಿದ ಖರ್ಚು 95 ಲಕ್ಷ ಡಾಲರಿನಷ್ಟಿತ್ತು. ಊಟ, ವಸತಿ, ಪೆಟ್ರೋಲು ಎಲ್ಲ ಸೇರಿ. ತಿನ್ನದೆ ಬಿಡುವ ಮೀನಿಗೆ! ನಮ್ಮಲ್ಲಿ ಯಾರಿಗಾದರೂ ಹೇಳಿದರೆ ನಂಬುತ್ತಾರೆಯೇ?

"ಖಾಲಾ, ಮೊನ್ನೆ ನೀವು ಕೇಳಿದ್ದಕ್ಕೆ ಉತ್ತರ ಯೋಚಿಸಿದ್ದೀನಿ" ಎಂದು ಗುರುವಾರ ರಾತ್ರಿ ಅವನಾಗಿಯೇ ಬಂದ. ಅವನ ಉರ್ದುವಿನಲ್ಲಿ ಅರ್ಧ ಇಂಗ್ಲಿಷ್. "ಇಲ್ಲಿನ ಹೊಳೆಗಳು ಬೇಸಿಗೆಯಲ್ಲಿ ತುಂಬಾ ಬಿಸಿಯಾಗ್ತವೆ. ಮೀನು ಮೊಟ್ಟೆ ಇಟ್ಟರೂ ಮರಿ ಬದುಕೋದು ತೀರಾ ಕಡಿಮೆ. ಅದಕ್ಕೇ ಪ್ರತಿ ವರ್ಷ ಮರಿ ತಂದು ಬಿಡಬೇಕು. ಗಾಳ ಹಾಕೋರು ಇಲ್ಲದಿದ್ದರೆ ದುಡ್ಡಿಲ್ಲ, ದುಡ್ಡಿಲ್ಲದಿದ್ದರೆ ಮರಿ ಇಲ್ಲ. ಹಾಗಾದರೆ ಈ ಮೀನು ಈ ಹೊಳೆಯಲ್ಲಿ ಇರೋದೇ ಇಲ್ಲ. ಇರದೇ ಇರೋದಕ್ಕಿಂತ ಒಂದು ಸಲ ಕೊಕ್ಕೆ ಚುಚ್ಚಿಸಿಕೊಂಡು ಇರೋದು ಒಳ್ಳೇದಲ್ವಾ?"

ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಇಂದಿಗೂ ಇಲ್ಲ. ನೋಯಿಸುವುದಕ್ಕೆಂದೇ ಒಂದು ಜೀವವನ್ನು ಸಾಕಿ ಬಿಡುವುದು ನನ್ನ ಮನಸ್ಸಿಗೆ ಒಗ್ಗುವ ಮಾತಲ್ಲ. ಅದನ್ನೇ ಹೇಳಿದೆ. "ನಮ್ಮೂರ ಕೆರೆಗೂ ಮೀನುಗಾರಿಕೆ ಇಲಾಖೆಯ ಕಾಟ್ಲಾ, ರೋಹು ಮರಿಗಳನ್ನು ಬಿಡುತ್ತಾರೆ. ಆದರೆ ಅದು ಹತ್ತು ಊರಿನ ಜನ ಉಣ್ಣುವುದಕ್ಕೆ. ಕೆರೆಗೆ ಬಲೆ ಹಾಕಿದ ದಿನ ನಿನ್ನ ನಾನಾ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋಗಿ ಜೀವಂತ ಕಾಟ್ಲಾ ತರುತ್ತಿದ್ದರು. ಇಡೀ ಬೀದಿಗೆ ನಮ್ಮ ಮನೆಯ ಸಾಲನ್ನಿನ ವಾಸನೆ ಹೋಗುತ್ತಿತ್ತು."

"ಕಾಟ್ಲಾ ನಿಮ್ಮ ಹೊಳೆಯದೇ ಮೀನಾ ಖಾಲಾ?" ಎಂದು ಕೇಳಿದ.

"ಮತ್ತೆ? ನಮ್ಮದಲ್ಲದೆ ಇನ್ಯಾರದ್ದು" ಎಂದುಬಿಟ್ಟೆ. ಆದರೆ ಅವನು ಹೋದ ಮೇಲೆ ಅನುಮಾನ ಬಂತು. ಹುಡುಕಿ ಓದಿದರೆ ನಾಚಿಕೆಯಾಯಿತು. ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ಗಂಗಾ ಬಯಲಿನ ನದಿಗಳ ಮೀನುಗಳು. ಕೆರೆಯ ನಿಂತ ನೀರಿನಲ್ಲಿ ಇವು ಬೆಳೆಯುತ್ತವೆಯೇ ಹೊರತು ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಂದರೆ ನಾನು ನಮ್ಮೂರಿನದೇ ಎಂದುಕೊಂಡು ನಲವತ್ತು ವರ್ಷ ಉಂಡ ಮೀನೂ ಸಹ ಯಾರೋ ತಂದು ಬಿಟ್ಟ ಮರಿಯೇ. ಅದನ್ನೂ ಪ್ರತಿ ವರ್ಷ ಬಿಡಬೇಕು. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವನ ಮುಂದೆ ತಪ್ಪೊಪ್ಪಿಕೊಂಡೆ. ಅವನು ಗೆದ್ದವನಂತೆ ಬೀಗಲಿಲ್ಲ. "ಗಂಗಾ ಎಷ್ಟು ದೂರ?" ಎಂದಷ್ಟೇ ಕೇಳಿದ.

ಮರಿ ಬಿಡುವುದನ್ನು ನಾನು ಕಣ್ಣಾರೆ ಕಂಡದ್ದು ಮೇ ಮೊದಲ ವಾರದಲ್ಲಿ. ಶಾಲೆ ಮುಗಿಸಿ ಓಡುತ್ತಾ ಬಂದವನು "ಖಾಲಾ, ಟ್ರಕ್ ಬಂದಿದೆ ಅಂತೆ, ಬೇಗ ಬನ್ನಿ" ಎಂದ. ಅವನು ನನ್ನನ್ನು ಕರೆದದ್ದು ಅದೇ ಮೊದಲು. ತಂಗಿ ಕಾರು ತೆಗೆದಳು.

ವನ್ಯಜೀವಿ ಇಲಾಖೆಯ ಲಾರಿಯ ಮೇಲೆ ದೊಡ್ಡ ತೊಟ್ಟಿಗಳು, ಒಳಗೆ ನೀರಿಗೆ ಆಮ್ಲಜನಕ ಹಾಯಿಸುವ ಕೊಳವೆ. ಮರಿಗಳು ಬಂದದ್ದು ಸ್ಯಾಂಡಸ್ಕಿ ಊರಿನ ಹತ್ತಿರದ ಕ್ಯಾಸ್ಟೇಲಿಯಾ ಎಂಬಲ್ಲಿನ ಸರಕಾರಿ ಮೀನುಮರಿ ಕೇಂದ್ರದಿಂದ. ಅಲ್ಲಿ ನೆಲದಿಂದ ತಣ್ಣನೆಯ ಬುಗ್ಗೆ ನೀರು ಉಕ್ಕುತ್ತದೆ. ಮೊಟ್ಟೆ ಮಾತ್ರ ಅಲ್ಲಿಯದಲ್ಲ. ಮಿಶಿಗನ್‌ನ ಲಿಟಲ್ ಮ್ಯಾನಿಸ್ಟಿ ನದಿಯಲ್ಲಿ ವಸಂತಕಾಲದಲ್ಲಿ ಮೇಲೇರಿ ಬರುವ ಮೀನುಗಳಿಂದ ತೆಗೆದ ಮೊಟ್ಟೆಗಳನ್ನು ತಂದು ಮರಿ ಮಾಡಿಸಿ, ಒಂದು ವರ್ಷ ತಿನ್ನಿಸಿ ಬೆಳೆಸುತ್ತಾರೆ. ನಮ್ಮ ಗೇಣಿಗಿಂತ ತುಸು ಚಿಕ್ಕದಾದಾಗ ಹೊಳೆಗೆ ಒಯ್ಯುತ್ತಾರೆ. ಆ ವಯಸ್ಸಿನಲ್ಲೇ ಮರಿಯ ಮೈಮೇಲಿನ ಕಲೆಗಳು ಮಾಸಿ ಬೆಳ್ಳಿಯ ಬಣ್ಣ ಬರುತ್ತದೆ. ಅದಕ್ಕೆ ದೂರ ಹೋಗಬೇಕೆಂಬ ತಹತಹ ಶುರುವಾಗುವುದೂ ಆಗಲೇ.

ಇಬ್ಬರು ನೌಕರರು ದಪ್ಪ ಪೈಪು ಜೋಡಿಸಿ ಬಾಗಿಲು ತೆರೆದರು. ನೀರಿನೊಡನೆ ಬೆಳ್ಳಿ ನಾಣ್ಯ ಸುರಿದಂತೆ ಮರಿಗಳು ಹೊಳೆಗೆ ಬಿದ್ದವು. ಒಂದು ಕ್ಷಣ ದಿಕ್ಕೆಟ್ಟು ಸುತ್ತಿದವು. ಆಮೇಲೆ ಎಲ್ಲವೂ ಒಟ್ಟಾಗಿ ಹರಿವಿಗೆ ಎದುರಾಗಿ ಮುಖ ಮಾಡಿ ನಿಂತವು. ಎದುರಿನ ಕೊಂಬೆಯಲ್ಲಿ ಒಂದು ಬಕ ಆಗಲೇ ಬಂದು ಕೂತಿತ್ತು. ಪಕ್ಕದಲ್ಲಿದ್ದ ಬಿಳಿ ಗಡ್ಡದ ಮುದುಕರೊಬ್ಬರು ಟೋಪಿ ತೆಗೆದು ನಿಂತಿದ್ದರು, ಮಯ್ಯತ್ ಹೋಗುವಾಗ ನಿಲ್ಲುವ ಹಾಗೆ. "ಬದುಕಿದ್ದರೆ ಇವನ್ನು ಹಿಡಿಯುತ್ತೇನೆ" ಎಂದು ಅವರು ನನಗೆ ಹೇಳಿದರು. ಆ ಇಂಗ್ಲಿಷ್ ನನಗೆ ಅರ್ಥವಾಯಿತು. "ಇನ್ಶಾ ಅಲ್ಲಾಹ್" ಎಂದೆ. ಅವರಿಗೂ ಅದು ಅರ್ಥವಾದಂತಿತ್ತು.

ಹುಡುಗ ಬೆರಳು ಮಡಚಿ ಎಣಿಸುತ್ತಿದ್ದ. "ಈಗ ಸರೋವರಕ್ಕೆ ಹೋಗ್ತವೆ. ಈ ಬೇಸಿಗೆ, ಮುಂದಿನ ಬೇಸಿಗೆ. ಎರಡು ಬೇಸಿಗೆ ಕಳೆದ ಮೇಲೆ ಐದಾರು ಪೌಂಡ್ ತೂಕ ಆಗಿ ವಾಪಸ್ ಬರ್ತವೆ. 2024ರ ಚಳಿಗಾಲ, ಇಲ್ಲಾಂದ್ರೆ 2025ರ ಮಾರ್ಚ್." ಸ್ವಲ್ಪ ತಡೆದು ತುಂಬಾ ಮೆಲ್ಲಗೆ ಹೇಳಿದ: "ಅಷ್ಟೊತ್ತಿಗೆ ನಾನು ಇಲ್ಲಿ ಇರಲ್ಲ ಅಲ್ವಾ."

ತಂಗಿ ಕಾರಿನ ಬಳಿ ನಿಂತಿದ್ದಳು. ಅವಳಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಅಮ್ಮಿ ಹೇಳಿ ಕಳಿಸಿದ್ದ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ನಾನಿಯ ವಯಸ್ಸು, ನಾನಾರ ಖಬರ್, ನಮ್ಮ ನೆಲ, ನಮ್ಮ ಜನ. ಒಂದೂ ಹೊರಬರಲಿಲ್ಲ.

ಈ ಮೀನುಗಳು ದಾರಿ ಹೇಗೆ ಕಂಡುಹಿಡಿಯುತ್ತವೆ ಎಂಬುದನ್ನು ಆ ರಾತ್ರಿ ಅವನ ಪುಸ್ತಕವೊಂದರಲ್ಲಿ ಓದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಹ್ಯಾಸ್ಲರ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಹುಟ್ಟೂರು ಯೂಟಾ ರಾಜ್ಯದ ಬೆಟ್ಟದ ಸೀಮೆ. 1946ರಲ್ಲಿ ರಜೆಗೆ ಊರಿಗೆ ಹೋಗಿ ಬೆಟ್ಟ ಹತ್ತುತ್ತಿದ್ದಾಗ, ಇನ್ನೂ ಕಣ್ಣಿಗೆ ಕಾಣದಿದ್ದ ಒಂದು ಜಲಪಾತದ ಕಡೆಯಿಂದ ಪಾಚಿ ಮತ್ತು ಕಾಡು ಹೂವಿನ ವಾಸನೆ ಗಾಳಿಯಲ್ಲಿ ಬಂತಂತೆ. ತಟ್ಟನೆ ಮರೆತೇ ಹೋಗಿದ್ದ ಬಾಲ್ಯವೆಲ್ಲ ಅವರ ಕಣ್ಣ ಮುಂದೆ ನಿಂತಿತು. ಮೀನೂ ಹೀಗೆಯೇ ವಾಸನೆಯಿಂದಲೇ ತನ್ನ ಹೊಳೆಯನ್ನು ಗುರುತಿಸುತ್ತಿರಬಹುದೇ ಎಂದು ಅವರಿಗೆ ಹೊಳೆದದ್ದು ಆಗ. ವರ್ಷಗಟ್ಟಲೆ ಪರೀಕ್ಷೆ ಮಾಡಿದರು. 1970ರ ದಶಕದಲ್ಲಿ ಅವರೂ ಅವರ ಶಿಷ್ಯರೂ ಕೋಹೋ ಮರಿಗಳನ್ನು ಮಾರ್ಫೋಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಕೆಲವು ವಾರ ಇಟ್ಟು ಮಿಶಿಗನ್ ಸರೋವರಕ್ಕೆ ಬಿಟ್ಟರು. ಅವು ದೊಡ್ಡದಾಗಿ ಬರುವ ಕಾಲಕ್ಕೆ ಒಂದು ತೊರೆಗೆ ಅದೇ ರಾಸಾಯನಿಕವನ್ನು ಹನಿ ಹನಿಯಾಗಿ ಬಿಟ್ಟರು. ಮೀನುಗಳು ಹುಡುಕಿಕೊಂಡು ಅಲ್ಲಿಗೇ ಬಂದವು.

ಬೆಳ್ಳಿ ಬಣ್ಣ ಬರುವ ಆ ವಯಸ್ಸಿನಲ್ಲಿ ಮರಿಯ ಮೂಗಿಗೆ ಯಾವ ನೀರು ಹತ್ತಿತೋ ಅದೇ ಅದರ ಊರು. ತಾಯಿ ಮೊಟ್ಟೆಯಿಟ್ಟದ್ದು ಯಾವ ಹೊಳೆ, ಸಾಕಿದ್ದು ಯಾವ ತೊಟ್ಟಿ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಕೆಲವು ದಾರಿ ತಪ್ಪಿ ಪಕ್ಕದ ಹೊಳೆಗಳಿಗೂ ಹೋಗುತ್ತವೆ, ನಿಜ.

ಮನುಷ್ಯರ ಮಕ್ಕಳನ್ನು ಮೀನಿಗೆ ಹೋಲಿಸಬಾರದು. ನಮಗೆ ಬುದ್ಧಿಯಿದೆ, ಕರ್ತವ್ಯಗಳಿವೆ, ತಂದೆ ತಾಯಿಯ ಹಕ್ಕು ನಮ್ಮ ಮೇಲಿದೆ. ಇದನ್ನೆಲ್ಲ ನಾನೇ ಮಕ್ಕಳಿಗೆ ಪಾಠ ಹೇಳುವವಳು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಊರೆಂದರೆ ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ, ಅಬ್ಬಾರ ಸೈಕಲ್ಲಿನ ಚೀಲದ ಮೀನಿನ ವಾಸನೆ. ಇವನಿಗೆ ಅದು ಯಾವತ್ತು ಹತ್ತಿತ್ತು? ಮೂರು ವರ್ಷಕ್ಕೊಮ್ಮೆ ಹದಿನೈದು ದಿನ ಬಂದು, ಹೊಟ್ಟೆ ಕೆಡಿಸಿಕೊಂಡು ಹೋಗುತ್ತಿದ್ದ ಹುಡುಗ.

ಮೇ 15ರವರೆಗೆ ದಿನಕ್ಕೆ ಎರಡು ಸ್ಟೀಲ್‌ಹೆಡ್ ಮನೆಗೆ ಒಯ್ಯಬಹುದೆಂದು ಅಲ್ಲಿನ ನಿಯಮ. ಹನ್ನೆರಡು ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಸರೋವರದಲ್ಲಿ ಹಳೆಯ ಕಾರ್ಖಾನೆಗಳ ಪಿಸಿಬಿ ಎಂಬ ವಿಷ ಇನ್ನೂ ಉಳಿದಿರುವುದರಿಂದ ಪದೇಪದೇ ತಿನ್ನಬೇಡಿ ಎಂಬ ಸಲಹೆಯನ್ನೂ ಸರಕಾರ ಕೊಡುತ್ತದೆ. ಹುಡುಗ ಮನೆಗೆ ತರದಿರುವುದಕ್ಕೆ ಅದೂ ಒಂದು ಕಾರಣವಂತೆ. ಈ ಮೀನು ಪೆಸಿಫಿಕ್ ಸಾಲ್ಮನ್ನಿನ ಹಾಗೆ ಮೊಟ್ಟೆಯಿಟ್ಟು ಸಾಯುವುದಿಲ್ಲ, ಸರೋವರಕ್ಕೆ ಮರಳಿ ಇನ್ನೊಂದು ವರ್ಷ ಬರಬಲ್ಲದು ಎಂಬುದು ಇನ್ನೊಂದು. ಆದರೂ ನಾವು ಹೊರಡುವ ಮೊದಲಿನ ಶನಿವಾರ, ಋತುವಿನ ಕೊನೆಯ ಮೀನುಗಳಲ್ಲಿ ಒಂದನ್ನು ಅವನು ಮನೆಗೆ ತಂದ. ಪ್ಲಾಸ್ಟಿಕ್ ಚೀಲವನ್ನು ಸಿಂಕಿನ ಪಕ್ಕ ಇಟ್ಟು, "ಖಾಲಾ, ನಿಮಗೆ. ಆಟಕ್ಕಲ್ಲ, ಊಟಕ್ಕೆ" ಎಂದ.

ನಾನೇ ಕೊಯ್ದೆ. ಚಿಕ್ಕ ಚಿಕ್ಕ ಪೊರೆ, ಒಳಗೆ ಮಾಂಸ ಗುಲಾಬಿ ಬಣ್ಣ. ಅರ್ಧಕ್ಕೆ ಅರಿಶಿನ, ಮೆಣಸಿನ ಪುಡಿ, ಬೆಳ್ಳುಳ್ಳಿ, ನಿಂಬೆರಸ ಹಚ್ಚಿ ಹುರಿದೆ. ಉಳಿದರ್ಧಕ್ಕೆ ಹುಣಸೆಹುಳಿ ಬಿಟ್ಟು ಅಬ್ಬಾರಿಗೆ ಇಷ್ಟವಾಗುತ್ತಿದ್ದ ರೀತಿಯ ಸಾಲನ್ ಮಾಡಿದೆ. ನಿಜ ಹೇಳಬೇಕೆಂದರೆ ಸಾಲನ್ ಕೆಟ್ಟಿತು. ಮೀನಿನಲ್ಲಿ ಎಣ್ಣೆಯಂಶ ಹೆಚ್ಚು, ಹುಳಿಗೆ ಹೊಂದಲಿಲ್ಲ, ತುಂಡುಗಳು ಕದಡಿ ಹೋದವು. ಹುರಿದದ್ದು ಮಾತ್ರ ಚೆನ್ನಾಗಿತ್ತು. ಹೊಗೆಯ ಎಚ್ಚರಿಕೆಯ ಗಂಟೆ ಹೊಡೆದುಕೊಂಡು ಮೈದುನರು ಟವೆಲು ಬೀಸುತ್ತಾ ಓಡಾಡಿದರು. ಹುಡುಗ ನಾಲ್ಕು ತುಂಡು ತಿಂದ. ತಾನು ಹಿಡಿದದ್ದನ್ನು ಮನೆಯವರೆಲ್ಲ ಸೇರಿ ತಿನ್ನುವುದನ್ನು ಸುಮ್ಮನೆ ನೋಡುತ್ತಾ ಕೂತಿದ್ದ. ತಂಗಿ ಅವನ ತಟ್ಟೆಗೆ ಐದನೆಯ ತುಂಡು ಹಾಕಿದಳು. ತಾಯಿ ಮಗ ಅಷ್ಟು ಹೊತ್ತು ಒಂದೇ ಮೇಜಿನಲ್ಲಿ ಕೂತದ್ದನ್ನು ನಾನು ಅಲ್ಲಿದ್ದ ನಾಲ್ಕು ವಾರಗಳಲ್ಲಿ ನೋಡಿರಲಿಲ್ಲ.

ಪಾತ್ರೆ ತೊಳೆಯುವಾಗ ತಂಗಿಗೆ ಹೇಳಿದೆ, "ಅವನನ್ನು ಒಪ್ಪಿಸಲು ನನ್ನಿಂದ ಆಗಲಿಲ್ಲ. ಇನ್ನೊಂದು ಮಾತು. ಬರುವುದಾದರೆ ಅವನ ಹೈಸ್ಕೂಲು ಮುಗಿಸಿಯೇ ಬನ್ನಿ. 2024 ಬೇಡ." ಅವಳು ನೀರು ನಿಲ್ಲಿಸಿದಳು. "ಅಮ್ಮಿಗೆ ಯಾರು ಹೇಳೋದು ಆಪಾ?" "ನಾನೇ ಹೇಳುತ್ತೇನೆ" ಎಂದೆ. ಧೈರ್ಯದಿಂದಲ್ಲ. ಬೇರೆ ಯಾರೂ ಇರಲಿಲ್ಲ.

ಅಮ್ಮಿಗೆ ಹೇಳಿದ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಅವರು ಕೂಗಾಡಲಿಲ್ಲ. ಮಾಳಿಗೆಯ ಕೋಣೆಯ ಬೀಗದ ಕೈಯನ್ನು ಕೀಲಿ ಗೊಂಚಲಿನಿಂದ ಬಿಡಿಸಿ ಕಪಾಟಿನಲ್ಲಿಟ್ಟರು, ಅಷ್ಟೇ. ಮೂರು ದಿನ ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಇಂದಿಗೂ ಎದೆ ತಟ್ಟಿ ಹೇಳಲಾರೆ. ವಯಸ್ಸಾದ ತಾಯಿಯ ಆಸೆ ಒಂದು ಕಡೆ, ಒಬ್ಬ ಹುಡುಗನ ಹೊಳೆ ಇನ್ನೊಂದು ಕಡೆ. ತೂಗುವ ಕೆಲಸ ನನಗೆ ಯಾರು ಕೊಟ್ಟರು?

2025ರ ಮಾರ್ಚ್‌ನಲ್ಲಿ, ರಮಝಾನಿನ ಒಂದು ಸಹರಿಯ ಹೊತ್ತಿಗೆ, ಫೋನಿಗೆ ಫೋಟೋ ಬಂತು. ಆಗ ಅಲ್ಲಿ ಸಂಜೆ. ಹುಡುಗನಿಗೆ ಮೀಸೆ ಚಿಗುರಿತ್ತು. ಮೊಣಕಾಲುದ್ದದ ನೀರಿನಲ್ಲಿ ನಿಂತು, ಎರಡೂ ಕೈಗಳಲ್ಲಿ ದೊಡ್ಡ ಸ್ಟೀಲ್‌ಹೆಡ್ ಹಿಡಿದಿದ್ದ. "ಖಾಲಾ, ನಾವು ನೋಡಿದ ಮರಿಗಳಲ್ಲಿ ಒಂದಿರಬಹುದು" ಎಂದು ಬರೆದಿದ್ದ. ಅದು ಅದೇ ಎಂದು ಯಾರು ಹೇಳಬಲ್ಲರು? ಕೆಳಗೆ ಇನ್ನೊಂದು ಸಾಲು ಇತ್ತು: "ನಾನಿಗೂ ತೋರಿಸಿ."

ಅಮ್ಮಿ ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಹತ್ತಿರ ತಂದು ಬಹಳ ಹೊತ್ತು ನೋಡಿದರು. ಮೊಮ್ಮಗನ ಮುಖದ ಮೇಲೆ ಬೆರಳು ಸವರಲು ಹೋದಾಗ ಚಿತ್ರ ದೊಡ್ಡದಾಗಿ ಮೀನಿನ ಕಣ್ಣು ಮಾತ್ರ ಕಂಡಿತು. ನಾನು ಸರಿ ಮಾಡಿಕೊಟ್ಟೆ.

"ಇಷ್ಟು ದೊಡ್ಡ ಮೀನು" ಎಂದರು. "ಇದನ್ನೂ ನೀರಿಗೇ ಬಿಟ್ಟನಾ?"

"ಬಿಟ್ಟಿರಬೇಕು ಅಮ್ಮಿ."

"ಹುಚ್ಚ" ಎಂದರು. ಆಮೇಲೆ, "ಸಹರಿಗೆ ಅಲ್ಲಿ ಏನು ತಿಂತಾನಂತೆ, ಕೇಳು" ಎಂದರು.